ಚಳಿಗೆ ಮೀಟರ್ ಇಲ್ಲ

ದಸರಾ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗ ಹಜಾರದ ಮೂಲೆಯಲ್ಲಿ ಲ್ಯಾಪ್‌ಟಾಪ್ ಹೂಡಿಕೊಂಡು ಕೂತಿದ್ದ. ಕಾಫಿ ಲೋಟ ಹಿಡಿದು ಅವನ ಹಿಂದೆ ನಿಂತು ನೋಡಿದೆ. ಪರದೆ ತುಂಬ ಹಿಮ. ತೋಳಿಲ್ಲದ ಚರ್ಮದ ಅಂಗಿ ತೊಟ್ಟ ಆಳೊಬ್ಬ ಬೆನ್ನಿಗೆ ಕೊಡಲಿ ಸಿಕ್ಕಿಸಿಕೊಂಡು ಬೆಟ್ಟ ಹತ್ತುತ್ತಿದ್ದಾನೆ. ಗಾಳಿಯ ಸದ್ದು ಎಷ್ಟು ನಿಜವಾಗಿತ್ತೆಂದರೆ, ನನ್ನ ಕೈ ತಾನಾಗಿಯೇ ಹೆಗಲ ಮೇಲಿನ ಟವೆಲನ್ನು ಕುತ್ತಿಗೆಗೆ ಸುತ್ತಿಕೊಂಡಿತು.

“ಏನೋ, ಈ ಬಡಪಾಯಿಗೆ ಚಳಿ ಆಗಲ್ವೇನೋ?”

“ಆಗುತ್ತೆ ತಾತ, ಇಲ್ನೋಡು” ಎಂದು ಪರದೆಯ ಕೆಳಗಿದ್ದ ಕೆಂಪು ಪಟ್ಟಿ ತೋರಿಸಿದ. ಅದು ಆ ಆಳಿನ ಆಯಸ್ಸಿನ ಪಟ್ಟಿಯಂತೆ. ಅದರ ಒಂದು ತುದಿ ಕಪ್ಪಾಗಿತ್ತು. “ಚಳಿ ಜಾಸ್ತಿ ಆದಷ್ಟೂ ಕಪ್ಪು ಜಾಸ್ತಿ ಆಗುತ್ತೆ. ಬೆಂಕಿ ಹತ್ರ ನಿಂತ್ರೆ ಸರಿಹೋಗುತ್ತೆ.”

ಅಷ್ಟಕ್ಕೇ ಆಗಿದ್ದರೆ ನಾನು ಕಾಫಿ ಕುಡಿದು ಹಿತ್ತಲಿಗೆ ಹೋಗುತ್ತಿದ್ದೆ. ಆದರೆ ಡಿಸೆಂಬರ್ ಕೊನೆಗೆ ಇವನು ಶಾಲೆಯ ಹುಡುಗರ ಜೊತೆ ಉತ್ತರಾಖಂಡಕ್ಕೆ ಹಿಮದ ಚಾರಣಕ್ಕೆ ಹೋಗುವವನಿದ್ದಾನೆ. ಅವನ ಅಜ್ಜಿಗೆ ಆಗಲೇ ಚಿಂತೆ ಹತ್ತಿದೆ, ಸ್ವೆಟರ್ ಹೆಣೆಯಲು ಕೂತಿದ್ದಾಳೆ. ಅವಳಿಗೆ ಧೈರ್ಯ ಹೇಳಲೆಂದೇ ಇರಬೇಕು, ಹುಡುಗ ಅಂದ: “ಅಜ್ಜಿ, ನನಗೆ ಚಳಿ ಬಗ್ಗೆ ಎಲ್ಲಾ ಗೊತ್ತು. ಆಟದಲ್ಲೇ ಕಲಿತಿದೀನಿ.”

ನಾನು ಸೇನೆಯಲ್ಲಿ ಹದಿನೇಳು ವರ್ಷ ಲಾರಿ ಓಡಿಸಿದವನು. ಅದರಲ್ಲಿ ಎರಡು ಚಳಿಗಾಲ ಲಡಾಖಿನಲ್ಲಿ ಕಳೆದಿದ್ದೇನೆ. ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತೆ. ಆ ವಾರವೆಲ್ಲ ಕೂತೆ. ಅವನು ಆಟ ಕಲಿಸಿದ, ನಾನು ಚಳಿ ಹೇಳಿಕೊಟ್ಟೆ. ಇಬ್ಬರಿಗೂ ಒಂದಷ್ಟು ಹೊಸ ವಿಷಯ ಸಿಕ್ಕಿತು.

ಮೊದಲು ನನ್ನ ವಾರಿಗೆಯವರಿಗೆ ಆಟವೆಂದರೆ ಏನೆಂದು ಹೇಳಿಬಿಡುತ್ತೇನೆ. ನಮ್ಮ ಬಯಲಾಟದಲ್ಲಿ ಕರ್ಣನ ವೇಷ ಹಾಕಿದವನು ಬೆಳಗಿನವರೆಗೂ ಕರ್ಣನೇ. ಈ ಆಟಗಳೂ ಹಾಗೆಯೇ. ಒಂದು ಕಲ್ಪನಾ ಲೋಕ, ಅದರಲ್ಲಿ ನಿಮಗೊಂದು ವೇಷ. ಆದರೆ ಇಲ್ಲಿ ಪ್ರಸಂಗವನ್ನು ಯಾರೂ ಪೂರ್ತಿ ಬರೆದಿಟ್ಟಿಲ್ಲ. ಯಾವ ದಾರಿ ಹಿಡಿಯಬೇಕು, ಯಾರ ಜೊತೆ ಜಗಳ ಕಾಯಬೇಕು, ಯಾವ ಗುಹೆ ಹೊಗಬೇಕು ಎಲ್ಲ ವೇಷಧಾರಿಯ ಇಷ್ಟ. ಮೊಮ್ಮಗ ಆಡುತ್ತಿದ್ದ ಆಟದ ಹೆಸರು ‘ಸ್ಕೈರಿಮ್’. ಅಮೆರಿಕದ ಬೆಥೆಸ್ಡಾ ಕಂಪನಿಯವರು 2011ರ ನವೆಂಬರ್ 11ರಂದು ಹೊರತಂದದ್ದು. ಸ್ಕೈರಿಮ್ ಅನ್ನುವುದು ಆ ಕಲ್ಪನಾ ಲೋಕದ ಉತ್ತರ ದಿಕ್ಕಿನ ಸೀಮೆ. ಅಲ್ಲಿ ಹಿಮ ಬೀಳುತ್ತದೆ, ಘಟಸರ್ಪಗಳು ಹಾರಾಡುತ್ತವೆ. ಅಲ್ಲಿನ ಅತಿ ಎತ್ತರದ ಬೆಟ್ಟಕ್ಕೆ 7,000 ಮೆಟ್ಟಿಲಂತೆ. ಹೆಸರಿಗೆ ಅಷ್ಟು, ಎಣಿಸಿದರೆ ಅದರ ಹತ್ತಿರಕ್ಕೂ ಬರುವುದಿಲ್ಲ ಎಂದು ಮೊಮ್ಮಗನೇ ಒಪ್ಪಿಕೊಂಡ. ನಮ್ಮ ಶ್ರವಣಬೆಳಗೊಳದ ಆರುನೂರು ಚಿಲ್ಲರೆ ಮೆಟ್ಟಿಲು ಹತ್ತಿ ಮಂಡಿ ಹಿಡಿದುಕೊಂಡವನು ನಾನು. ಹೀಗಾಗಿ ಆ ವಿಷಯ ಕೇಳಿ ಸಮಾಧಾನವಾಯಿತು.

ತಮಾಷೆಯೆಂದರೆ, ಈ ಆಟ ಬಂದಾಗ ಅದರಲ್ಲಿ ಚಳಿಯೇ ಇರಲಿಲ್ಲ. ಹಿಮ ಇತ್ತು, ಗಾಳಿ ಇತ್ತು, ಸಮುದ್ರದಲ್ಲಿ ತೇಲುವ ಮಂಜುಗಡ್ಡೆಯೂ ಇತ್ತು. ಆದರೆ ಬರೀ ಚಡ್ಡಿಯಲ್ಲಿ ಆ ಸಮುದ್ರದಲ್ಲಿ ಈಜಿ, ಮೇಲೆ ಬಂದು, ಹಾಗೆಯೇ ಬೆಟ್ಟ ಹತ್ತಿದರೂ ಒಂದು ಸೀನೂ ಬರುತ್ತಿರಲಿಲ್ಲ. ಇದು ಕೆಲವು ಆಟಗಾರರಿಗೇ ಸರಿಬರಲಿಲ್ಲ. ಈ ಆಟಕ್ಕೆ ಹೊರಗಿನವರೂ ತಮ್ಮದೊಂದು ತುಣುಕು ಬರೆದು ಜೋಡಿಸಬಹುದು, ಅದಕ್ಕೆ ‘ಮಾಡ್’ ಎನ್ನುತ್ತಾರೆ. ಹಾಗೆ ಚೆಸ್ಕೊ ಎಂಬ ಹೆಸರಿನಲ್ಲಿ ಮಾಡ್‌ಗಳನ್ನು ಬರೆಯುತ್ತಿದ್ದ ಒಬ್ಬರು ‘ಫ್ರಾಸ್ಟ್‌ಫಾಲ್’ ಎಂಬ ತುಣುಕು ಬರೆದು ಹಂಚಿದರು. ಆ ಲೋಕದ ಪಂಚಾಂಗದಲ್ಲಿ ಹತ್ತನೇ ತಿಂಗಳ ಹೆಸರು ಅದು. ಅದನ್ನು ಹಾಕಿಕೊಂಡರೆ ಆಟದ ನಡೆಯೇ ಬದಲಾಗುತ್ತದೆ. ಹೊರಡುವ ಮುಂಚೆ ಆಕಾಶ ನೋಡಬೇಕು. ಸೌದೆ ಹೊತ್ತುಕೊಳ್ಳಬೇಕು, ಡೇರೆ ಕಟ್ಟಿಕೊಳ್ಳಬೇಕು. ಯಾವ ಬಟ್ಟೆ ಎಷ್ಟು ಬೆಚ್ಚಗೆ, ಯಾವುದು ಮಳೆ ತಡೆಯುತ್ತದೆ ಎಂದು ಲೆಕ್ಕ ಹಾಕಬೇಕು. ಜನ ಇದನ್ನು ಎಷ್ಟು ಮೆಚ್ಚಿಕೊಂಡರೆಂದರೆ, 2017ರಲ್ಲಿ ಕಂಪನಿಯವರೇ ‘ಸರ್ವೈವಲ್ ಮೋಡ್’ ಎಂದು ತಮ್ಮದೊಂದು ಚಳಿಯನ್ನು ತಂದರು. ಮೊಮ್ಮಗ ಆಡುವುದು ಅದನ್ನೇ. ಅದರಲ್ಲಿ ಹಸಿವೂ ಇದೆ, ಆಯಾಸವೂ ಇದೆ. ನಕ್ಷೆ ಮುಟ್ಟಿ ಊರಿಂದೂರಿಗೆ ಹಾರುವ ಸೌಕರ್ಯವನ್ನು ಕಿತ್ತುಕೊಂಡಿದ್ದಾರೆ, ನಡೆದೇ ಹೋಗಬೇಕು. ಕೈಯಲ್ಲಿ ಪಂಜು ಹಿಡಿದರೆ ಸ್ವಲ್ಪ ಬೆಚ್ಚಗೆ, ಬಿಸಿ ಸಾರು ಕುಡಿದರೆ ಇನ್ನೂ ಸ್ವಲ್ಪ.

ಆಟವನ್ನು ಹಗುರಾಗಿ ಕಾಣಬೇಡಿ. ಒಂದು ಪಾಠವನ್ನು ಅದು ಚೆನ್ನಾಗಿಯೇ ಹೇಳಿಕೊಡುತ್ತದೆ, ಅದು ಒದ್ದೆಯ ಪಾಠ. ಫ್ರಾಸ್ಟ್‌ಫಾಲ್‌ನಲ್ಲಿ ಚಳಿಗೊಂದು ಲೆಕ್ಕ, ಒದ್ದೆಗೆ ಬೇರೆಯೇ ಒಂದು ಲೆಕ್ಕ. ನೆನೆದವನಿಗೆ ಚಳಿ ಬೇಗ ಏರುತ್ತದೆ. ನಿಜದಲ್ಲೂ ನೀರು ಅಷ್ಟೇ ತಣ್ಣಗಿರುವ ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಹಿಮದ ನಾಡಿನಲ್ಲಿ ಒದ್ದೆಯಾಗಲು ಹೊಳೆಗೇ ಬೀಳಬೇಕಿಲ್ಲ. ಏರು ಹತ್ತುವಾಗ ಬೆವರಿದರೆ ಸಾಕು. ಹತ್ತಿಯ ಬನಿಯನ್ ಬೆವರು ಕುಡಿದು ಬೆನ್ನಿಗೆ ಅಂಟಿಕೊಳ್ಳುತ್ತದೆ. ನಿಂತ ಕೂಡಲೇ ಅದು ಒದ್ದೆ ಪಟ್ಟಿಯಂತೆ ಕೊರೆಯತೊಡಗುತ್ತದೆ. ಉಣ್ಣೆ ಒದ್ದೆಯಾದರೂ ತನ್ನೊಳಗೆ ಒಂದಿಷ್ಟು ಗಾಳಿ ಹಿಡಿದಿಟ್ಟುಕೊಳ್ಳುತ್ತದೆ, ಆ ಗಾಳಿಯೇ ಮೈ ಕಾಯುವುದು. ನಮ್ಮ ಕುರುಬರ ಕರಿಕಂಬಳಿ ಮಳೆಗಾಲದ ಗದ್ದೆಯಲ್ಲಿ ಮಾಡುವ ಕೆಲಸವೂ ಅದೇ. ಮೊಮ್ಮಗನ ಚೀಲದಲ್ಲಿದ್ದ ಎರಡು ಜೀನ್ಸ್ ಪ್ಯಾಂಟು ಅವತ್ತೇ ಹೊರಗೆ ಬಂದವು. ಅಜ್ಜಿಯ ಉಣ್ಣೆ ಸ್ವೆಟರ್‌ಗೆ ಮರ್ಯಾದೆ ಹೆಚ್ಚಿತು.

ಎರಡನೆಯದು ಗಾಳಿ. ಕೆನಡಾದ ಹಿಂಟರ್‌ಲ್ಯಾಂಡ್ ಎಂಬ ಕಂಪನಿಯ ‘ದಿ ಲಾಂಗ್ ಡಾರ್ಕ್’ ಎಂಬ ಆಟವನ್ನೂ ಅವನು ತೋರಿಸಿದ. ಅದರಲ್ಲಿ ಘಟಸರ್ಪ, ಮಂತ್ರ ಏನೂ ಇಲ್ಲ. ಹಿಮದ ಕಾಡು, ತೋಳ ಮತ್ತು ನೀವು. ಬಂಡೆಯ ಮರೆಗೆ ಸರಿದರೆ ಅದರಲ್ಲಿ ಚಳಿ ಕಡಿಮೆಯಾಗುತ್ತದೆ. ಇದನ್ನು ಮಾಡಿದವರು ಚಳಿ ಕಂಡವರೇ ಅನ್ನಿಸಿತು. ಗಾಳಿ ಎಷ್ಟು ಚಳಿ ಸೇರಿಸುತ್ತದೆ ಎಂದು ಮೊದಲು ಅಳೆದವರು ಪಾಲ್ ಸಿಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಅಮೆರಿಕನ್ನರು. 1940ರ ದಶಕದ ಆರಂಭದಲ್ಲಿ ಅಂಟಾರ್ಕ್ಟಿಕಾದಲ್ಲಿ, ನೀರು ತುಂಬಿದ ಡಬ್ಬಿಯನ್ನು ಗಾಳಿಗೆ ನೇತುಹಾಕಿ, ಅದು ಗಡ್ಡೆಕಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುತ್ತ ಕೂತಿದ್ದರು. ಇಂದು ಬಳಕೆಯಲ್ಲಿರುವ ಲೆಕ್ಕದ ಪ್ರಕಾರ ಮೈನಸ್ 10 ಡಿಗ್ರಿ ಇರುವಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ಅದು ಮೈನಸ್ 20ರಂತೆ ತಾಗುತ್ತದೆ. ಮಕ್ಕಳೇ, ಒಂದು ಒದ್ದೆ ಕರ್ಚೀಫನ್ನು ಮುಂಗೈಗೆ ಸುತ್ತಿ ಫ್ಯಾನಿನ ಕೆಳಗೆ ನಿಲ್ಲಿ. ಒದ್ದೆ, ಗಾಳಿ ಎರಡೂ ಸೇರಿದರೆ ಏನಾಗುತ್ತದೆ ಎಂದು ನಮ್ಮ ಸೆಖೆಯ ಊರಿನಲ್ಲೇ ಗೊತ್ತಾಗುತ್ತದೆ.

ಇನ್ನು ಮೆಣಸಿನಕಾಯಿಯ ಕತೆ. ಜಪಾನಿನ ನಿಂಟೆಂಡೊ ಕಂಪನಿಯವರ ‘ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ಎಂಬ ಆಟ ಮಕ್ಕಳಿಗೆ ಗೊತ್ತಿರುತ್ತದೆ, 2017ರ ಮಾರ್ಚ್‌ನಲ್ಲಿ ಬಂದದ್ದು. ಅದರ ನಾಯಕ ಲಿಂಕ್ ನೂರು ವರ್ಷದ ನಿದ್ದೆಯಿಂದ ಏಳುವಾಗ ಮೈಮೇಲೆ ಸರಿಯಾದ ಬಟ್ಟೆಯೂ ಇಲ್ಲ. ಪರದೆಯ ಮೂಲೆಯಲ್ಲಿ ಪುಟ್ಟದೊಂದು ತಾಪಮಾಪಕ ಇರುತ್ತದೆ. ಹಿಮದ ಬೆಟ್ಟಕ್ಕೆ ಕಾಲಿಟ್ಟರೆ ಅದರ ಮುಳ್ಳು ನೀಲಿಯ ಕಡೆ ವಾಲುತ್ತದೆ, ಆಯಸ್ಸಿನ ಹೃದಯಗಳು ಒಂದೊಂದಾಗಿ ಕರಗುತ್ತವೆ. ಪಾರಾಗಲು ಹಲವು ದಾರಿ. ಪಂಜು ಹಿಡಿಯಬಹುದು. ಅಲ್ಲೊಬ್ಬ ಮುದುಕನಿದ್ದಾನೆ, ಅವನು ಮರೆತ ಅಡುಗೆಯ ಪಾಕವನ್ನು ನೆನಪಿಸಿಕೊಟ್ಟರೆ ಬೆಚ್ಚನೆಯ ಅಂಗಿ ಕೊಡುತ್ತಾನೆ. (ಎಲ್ಲ ಆಟದಲ್ಲೂ ಮುದುಕರಿಗೊಂದು ಪಾತ್ರ ಇರುವುದು ನನಗೆ ಹಿಡಿಸಿತು.) ಅಥವಾ ಖಾರದ ಮೆಣಸಿನಕಾಯಿ ಹಾಕಿ ಬೇಯಿಸಿ ತಿಂದರೆ ಸಾಕು, ಕೆಲವು ನಿಮಿಷ ಚಳಿ ತಾಗುವುದಿಲ್ಲ.

ಇದು ಮಾತ್ರ ಸುಳ್ಳು, ಆದರೆ ಸೊಗಸಾದ ಸುಳ್ಳು. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ವಸ್ತು ನಮ್ಮ ಮೈಯಲ್ಲಿ ಬಿಸಿ ತಿಳಿಸುವ ನರತುದಿಗಳನ್ನೇ ಕೆಣಕುತ್ತದೆ. ಕುದಿಯುವ ಕಾಫಿ ನಾಲಿಗೆಗೆ ತಾಗಿದಾಗ ಕೂಗಿಕೊಳ್ಳುವ ತುದಿಗಳು ಬ್ಯಾಡಗಿ ಮೆಣಸಿನಕಾಯಿಗೂ ಕೂಗಿಕೊಳ್ಳುತ್ತವೆ. ಈ ಗುಟ್ಟನ್ನು ಬಿಡಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ಇನ್ನೊಬ್ಬ ವಿಜ್ಞಾನಿಯ ಜೊತೆ ನೊಬೆಲ್ ಬಂತು. ಹೀಗೆ ಮೋಸಹೋದ ಮೈ ಮಾಡುವುದೇನು? ತಣ್ಣಗಾಗಲು ನೋಡುತ್ತದೆ, ಬೆವರುತ್ತದೆ. ಖಾರದ ಊಟ ಮಾಡುವಾಗ ಮೂಗು, ಹಣೆ ಎಲ್ಲ ತೇವವಾಗುವುದು ಅದಕ್ಕೇ. ಹಿಮದಲ್ಲಿ ಬೇಕಿಲ್ಲದ ಕೆಲಸ ಅದೇ ತಾನೆ! ರಮ್ ಕುಡಿದರೆ ಬೆಚ್ಚಗಾಗುತ್ತದೆ ಅನ್ನುವುದೂ ಇಂಥದ್ದೇ ಮೋಸ. ಚರ್ಮದ ರಕ್ತನಾಳಗಳು ಅಗಲವಾಗಿ ಒಳಗಿನ ಬಿಸಿ ಹೊರಗೆ ಹರಿಯುತ್ತದೆ. ಆ ಕ್ಷಣಕ್ಕೆ ಮೈ ಬಿಸಿಯೆನ್ನಿಸಿದರೂ ಒಳಗೆ ಗಂಟು ಕರಗುತ್ತಿರುತ್ತದೆ. ಚಳಿಯಲ್ಲಿ ಸಲ್ಲುವುದು ಸಕ್ಕರೆ ಹಾಕಿದ ಬಿಸಿ ಚಹಾ, ಬೆಲ್ಲ, ಕಡಲೆ, ತುಪ್ಪ. ಏಕೆಂದರೆ ನಡುಗುವುದಕ್ಕೂ ಮೈಗೆ ಸೌದೆ ಬೇಕು. ಜೋರಾಗಿ ನಡುಗುವಾಗ ಮೈ ಸುಮ್ಮನೆ ಕೂತಾಗಿನ ನಾಲ್ಕೈದು ಪಟ್ಟು ಬಿಸಿ ಹುಟ್ಟಿಸುತ್ತದೆ.

ಇಷ್ಟೆಲ್ಲ ಹೇಳಿದರೂ ಹುಡುಗನಿಗೆ ಇದು ಆಟದ ತಪ್ಪು-ಸರಿ ಹುಡುಕುವ ಇನ್ನೊಂದು ಆಟವಾಗಿತ್ತು ಅಷ್ಟೆ. “ಸರಿ ತಾತ, ಮೆಣಸಿನಕಾಯಿ ಬೇಡ. ಮೀಟರ್ ಅರ್ಧ ಆದಾಗ ಬೆಂಕಿ ಹಾಕಿದ್ರೆ ಆಯ್ತಲ್ಲ.”

ಆಗ ಅವನಿಗೆ ಫೋಟು ಲಾ ಕತೆ ಹೇಳಬೇಕಾಯಿತು. ಇದನ್ನು ಮನೆಯಲ್ಲಿ ಯಾರಿಗೂ ಪೂರ್ತಿ ಹೇಳಿರಲಿಲ್ಲ.

1986ರ ಜನವರಿ. ಲೇಹ್‌ನಿಂದ ಕಾರ್ಗಿಲ್ ಕಡೆಗೆ ನಮ್ಮ ಕಾನ್ವಾಯ್ ಹೊರಟಿತ್ತು. ದಾರಿಯಲ್ಲಿ ಫೋಟು ಲಾ ಎಂಬ ಕಣಿವೆ ದಾರಿ, ಸುಮಾರು 4,100 ಮೀಟರ್ ಎತ್ತರ. ಶ್ರೀನಗರ–ಲೇಹ್ ರಸ್ತೆಯಲ್ಲಿ ಅದೇ ಅತಿ ಎತ್ತರದ ಜಾಗ. ತುದಿ ಇನ್ನೂ ಎರಡು ತಿರುವು ಇರುವಾಗ ನನ್ನ ಲಾರಿಯ ಹಿಂಚಕ್ರಕ್ಕೆ ಬಿಗಿದಿದ್ದ ಸರಪಳಿ ಸಡಿಲವಾಗಿ ಕಳಚಿಕೊಂಡಿತು. ಇಳಿದು ಕಟ್ಟಲು ಕೂತೆ. ದಪ್ಪ ಕೈಗವಸಿನಲ್ಲಿ ಕೊಂಡಿ ಸಿಗುತ್ತಿರಲಿಲ್ಲ. ಅದನ್ನು ತೆಗೆದಿಟ್ಟು ಒಳಗಿನ ತೆಳು ಗವಸಿನಲ್ಲೇ ಕೆಲಸ ಮಾಡಿದೆ. ಹಿಮ ಮೆತ್ತಿ ಅದು ಒದ್ದೆಯಾಯಿತು. ಅರ್ಧ ಗಂಟೆ ಆಗಿರಬಹುದು. ಮೊದಲು ಗಡಗಡ ನಡುಗಿದ್ದು ನೆನಪಿದೆ. ಆಮೇಲೆ ನಡುಕ ಕಡಿಮೆಯಾಯಿತು. ಗಾಳಿ ನಿಂತಿತೇನೋ, ಚಳಿ ಒಗ್ಗಿತೇನೋ ಅಂದುಕೊಂಡೆ. ಮನಸ್ಸಿಗೆ ಹಿತವೇ ಆಗಿತ್ತು.

ಮುಂದಿನದು ನನ್ನ ಜೊತೆಗಾರ ಆಮೇಲೆ ಹೇಳಿದ್ದು. ಗಢವಾಲಿನ ಹುಡುಗ, ಬೆಟ್ಟದಲ್ಲೇ ಹುಟ್ಟಿ ಬೆಳೆದವನು. ನಾನು ಒಂದೇ ಕೊಂಡಿಯನ್ನು ಮತ್ತೆ ಮತ್ತೆ ಹಾಕಿ ತೆಗೆಯುತ್ತಿದ್ದೆನಂತೆ. ಟೋಪಿ ತೆಗೆದು ಬಾನೆಟ್ ಮೇಲೆ ಇಟ್ಟಿದ್ದೆನಂತೆ. “ಉಸ್ತಾದ್, ಕೋಟಿನ ಗುಂಡಿ ಹಾಕಿಕೊಳ್ಳಿ” ಎಂದು ಅವನು ಹೇಳಿದರೆ, ನಿನ್ನ ಕೆಲಸ ನೋಡು ಹೋಗು ಎಂದು ರೇಗಿದೆನಂತೆ. ನಾನು ರೇಗುವವನಲ್ಲ ಎಂದು ಅವನಿಗೆ ಗೊತ್ತು. ಅನುಮಾನ ಬಂದು, ನಿಮ್ಮ ಊರು ಯಾವುದು ಎಂದು ಕೇಳಿದ್ದಾನೆ. ನಾನು ಹೊಳೆನರಸೀಪುರ ಅನ್ನಬೇಕಿತ್ತು. “ಹೊಳೆ… ಹೊಳೆ…” ಎಂದು ಅಲ್ಲಿಗೇ ನಿಂತೆನಂತೆ. ಅವನಿಗೆ ಕನ್ನಡ ಬರದು, ಆದರೆ ನನ್ನ ಊರಿನ ಹೆಸರು ಉದ್ದದ್ದು ಎಂದು ಮಾತ್ರ ಗೊತ್ತಿತ್ತು! ಕೂಡಲೇ ರಟ್ಟೆ ಹಿಡಿದು ಕ್ಯಾಬಿನ್ನಿಗೆ ತಳ್ಳಿ, ಒದ್ದೆ ಗವಸು ಕಿತ್ತು, ನನ್ನ ಎರಡೂ ಕೈಯನ್ನು ತನ್ನ ಕಂಕುಳಲ್ಲಿ ಸಿಕ್ಕಿಸಿಕೊಂಡು ಕಂಬಳಿ ಹೊದಿಸಿ ಕೂತ. ಮಾತು ನೆಟ್ಟಗಾದ ಮೇಲೆ ಫ್ಲಾಸ್ಕಿನ ಚಹಾವನ್ನು ಗುಟುಕು ಗುಟುಕಾಗಿ ಕುಡಿಸಿದ. ನಡುಕ ಮತ್ತೆ ಶುರುವಾಯಿತು. “ಈಗ ಸರಿ” ಅಂದ. ನಡುಗುತ್ತಿರುವವನನ್ನು ನೋಡಿ ಒಬ್ಬ ಸಂತೋಷಪಟ್ಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮೊಮ್ಮಗ ಆಟ ನಿಲ್ಲಿಸಿದ್ದ. “ತಾತ, ನಿನಗೆ ಗೊತ್ತೇ ಆಗ್ಲಿಲ್ವಾ?”

ಇಲ್ಲ. ಅದೇ ವಿಷಯ. ನನಗೆ ಏನೂ ಆಗಿಲ್ಲ ಎಂದೇ ನಾನು ಆಣೆ ಮಾಡಿ ಹೇಳುತ್ತಿದ್ದೆ. ಕಪ್ಪಾಗುವ ಪಟ್ಟಿಯೊಂದು ಅವತ್ತು ನನ್ನ ಕಣ್ಣೆದುರೇ ಇದ್ದಿದ್ದರೂ ಅದನ್ನು ಓದುವವನು ಅಲ್ಲಿರಲಿಲ್ಲ.

ಇದರ ಹಿಂದಿನ ಲೆಕ್ಕ ವೈದ್ಯರು ಹೇಳುವುದು ಹೀಗೆ. ಮೈಯೊಳಗಿನ ಬಿಸಿ ಸುಮಾರು 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ಬರೀ ಎರಡು ಡಿಗ್ರಿಯ ವ್ಯತ್ಯಾಸ ನೋಡಿ. 35ರಿಂದ 32ರವರೆಗೆ ಜೋರು ನಡುಕ, ಕೈಬೆರಳು ಮಾತು ಕೇಳುವುದಿಲ್ಲ, ನಾಲಿಗೆ ತೊದಲುತ್ತದೆ, ತೀರ್ಮಾನಗಳು ತಪ್ಪತೊಡಗುತ್ತವೆ. 32ಕ್ಕಿಂತ ಕೆಳಗೆ ನಡುಕವೇ ನಿಲ್ಲತೊಡಗುತ್ತದೆ, ಮಂಪರು ಕವಿಯುತ್ತದೆ. 28ಕ್ಕಿಂತ ಕೆಳಗೆ ಎದೆಬಡಿತವೇ ತಪ್ಪಬಹುದು. ಸಾವಿನ ಅಂಚಿನಲ್ಲಿ ಕೆಲವರಿಗೆ ಸೆಖೆಯಾದಂತೆ ಅನ್ನಿಸಿ ಮೈಮೇಲಿನ ಬಟ್ಟೆಯನ್ನೇ ಕಿತ್ತೆಸೆಯುತ್ತಾರೆ. ಹಿಮದಲ್ಲಿ ಹಾಗೆ ಸಿಕ್ಕಿದ ದೇಹಗಳನ್ನು ಕಂಡು ಪೊಲೀಸರು ಇದು ಕೊಲೆಯೋ ಎಂದು ಗೊಂದಲಪಟ್ಟದ್ದೂ ಉಂಟು. ಅವತ್ತು ನನ್ನ ಮೈ ಎಷ್ಟು ಡಿಗ್ರಿಗೆ ಇಳಿದಿತ್ತೋ ಅಳೆದವರಿಲ್ಲ. ಬಾನೆಟ್ ಮೇಲಿಟ್ಟ ಟೋಪಿ ನೆನೆದರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಆಟದ ಮೀಟರು ಒಂದೇ ದಿಕ್ಕಿಗೆ ನಡೆಯುತ್ತದೆ. ಚಳಿ ಹೆಚ್ಚಿದಂತೆ ಎಚ್ಚರಿಕೆಯೂ ಹೆಚ್ಚುತ್ತದೆ. ಮೈ ಹಾಗಲ್ಲ. ಮೊದಲು ಜೋರಾಗಿ ಕೂಗುತ್ತದೆ, ಅಪಾಯ ಹತ್ತಿರ ಬಂದಾಗ ಸುಮ್ಮನಾಗುತ್ತದೆ. ಬೆಟ್ಟ ಹತ್ತುವವರು ನಾಲ್ಕು ಗುರುತು ಕಲಿಸುತ್ತಾರೆ: ಎಡವುವುದು, ತೊದಲುವುದು, ಕೈಯಿಂದ ವಸ್ತು ಜಾರುವುದು, ಕಾರಣವಿಲ್ಲದೆ ಗೊಣಗುವುದು. ಈ ನಾಲ್ಕೂ ಬೇರೆಯವರ ಕಣ್ಣಿಗೆ ಕಾಣುವಂಥವು, ನಮಗೆ ಕಾಣುವಂಥವಲ್ಲ.

ಹುಡುಗ ಸ್ವಲ್ಪ ಹೊತ್ತು ಯೋಚಿಸಿ ಒಳ್ಳೆಯ ಮಾತೊಂದನ್ನು ಹೇಳಿದ. “ಹಾಗಾದ್ರೆ ಆಟದಲ್ಲಿ ಮೀಟರ್ ಸುಳ್ಳು ಹೇಳ್ಬೇಕು ತಾತ. ತುಂಬಾ ಚಳಿ ಆದಾಗ ಎಲ್ಲಾ ಸರಿ ಇದೆ ಅಂತ ತೋರಿಸ್ಬೇಕು.”

“ಹಾಗೆ ಮಾಡಿದ್ರೆ ಆಡ್ತೀಯಾ?”

“ಇಲ್ಲಪ್ಪ. ಅದು ಮೋಸ.”

ಅವನ ಆಟದಲ್ಲಿ ಲಿಡಿಯಾ ಎಂಬ ಜೊತೆಗಾತಿ ಇದ್ದಾಳೆ. ನಾಯಕನ ಮೂಟೆ ಹೊರುತ್ತಾಳೆ, ಶತ್ರು ಬಂದರೆ ಕತ್ತಿ ಹಿರಿಯುತ್ತಾಳೆ. ಆದರೆ ನಾಯಕ ಹಿಮದಲ್ಲಿ ಮರಗಟ್ಟುತ್ತಿದ್ದರೂ ಅವಳು ಗುಂಡಿ ಹಾಕಿಕೋ ಎಂದು ಹೇಳುವುದಿಲ್ಲ. ಅವಳಿಗೆ ಚಳಿಯೇ ಆಗುವುದಿಲ್ಲ. ಆಟ ಮಾಡುವವರಿಗೆ ನನ್ನದೊಂದು ಸಲಹೆ: ಮುಂದಿನ ಸಲ ಅವಳನ್ನು ಗಢವಾಲಿನಲ್ಲಿ ಹುಟ್ಟಿಸಿ.

ಮಾತಿಗಿಂತ ಕೈ ಮೇಲು ಎಂದು ಮಾರನೇ ದಿನ ಒಂದು ಪರೀಕ್ಷೆ ಮಾಡಿದೆವು. ಆರು ಗುಂಡಿಯ ಅಂಗಿ ತೊಟ್ಟು ಅವನು ಎಲ್ಲ ಗುಂಡಿ ಹಾಕಿದ, ನಾನು ಗಡಿಯಾರ ನೋಡಿದೆ. 21 ಸೆಕೆಂಡು. ಆಮೇಲೆ ಸ್ಟೀಲ್ ಬೋಗುಣಿಯಲ್ಲಿ ನೀರು, ಫ್ರಿಜ್ಜಿನ ಐಸ್ ತುಂಡು ಹಾಕಿ, ಒಂದು ನಿಮಿಷ ಎರಡೂ ಕೈ ಮುಳುಗಿಸಿ ತೆಗೆದು, ಒರೆಸಿಕೊಂಡು ಮತ್ತೆ ಗುಂಡಿ. ಮೂರನೇ ಗುಂಡಿಗೇ ಬೆರಳು ತಡವರಿಸಿತು. ಒಟ್ಟು 48 ಸೆಕೆಂಡು. “ಬೆರಳು ನಂದಲ್ಲ ಅನ್ಸುತ್ತೆ ತಾತ” ಅಂದ. ನೀವೂ ದೊಡ್ಡವರು ಎದುರಿಗಿದ್ದಾಗ ಮಾಡಿ ನೋಡಬಹುದು, ಒಂದೇ ನಿಮಿಷ, ಹೆಚ್ಚು ಬೇಡ. ಸಕ್ಕರೆ ಕಾಯಿಲೆ, ರಕ್ತಸಂಚಾರದ ತೊಂದರೆ ಇರುವ ನನ್ನಂಥ ಹಳಬರು ಗಡಿಯಾರ ಹಿಡಿದರೆ ಸಾಕು. ಕೈ ಮಾತು ಕೇಳದ ಮೇಲೆ ಬೆಂಕಿಕಡ್ಡಿ ಗೀರುವುದು ಹೇಗೆ, ಚೀಲದ ಜಿಪ್ ಎಳೆಯುವುದು ಹೇಗೆ? ಮೀಟರ್ ಅರ್ಧ ಆದಾಗ ಬೆಂಕಿ ಹಾಕುತ್ತೇನೆ ಅನ್ನುವ ಲೆಕ್ಕ ಅಲ್ಲಿ ತಪ್ಪುತ್ತದೆ.

ತಣ್ಣೀರಿಗೆ ಬಿದ್ದವರ ಬಗ್ಗೆ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಹೇಳುವ 1–10–1 ಎಂಬ ಸೂತ್ರವೂ ಇದನ್ನೇ ಸಾರುತ್ತದೆ. ಹಿಮದ ನೀರಿಗೆ ಬಿದ್ದಾಗ ಏದುಸಿರು ಹತೋಟಿಗೆ ಬರಲು 1 ನಿಮಿಷ. ಕೈಕಾಲು ಕೆಲಸಕ್ಕೆ ಬರುವುದು ಸುಮಾರು 10 ನಿಮಿಷ. ಚಳಿಯಿಂದ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಅಂದರೆ ಕೈ ಸೋಲುವುದು ಜೀವ ಹೋಗುವುದಕ್ಕಿಂತ ಬಹಳ ಮೊದಲು.

ಬೆಂಕಿಯ ವಿಷಯಕ್ಕೂ ಬಂದೆವು. ಆಟದಲ್ಲಿ ಬೆಂಕಿ ಪಕ್ಕ ನಿಂತರೆ ಕ್ಷಣಾರ್ಧದಲ್ಲಿ ಪಟ್ಟಿ ಕೆಂಪಾಗುತ್ತದೆ. ನಿಜದಲ್ಲಿ ಅದು ಗಂಟೆಗಟ್ಟಲೆಯ ಕೆಲಸ, ಅವಸರವೂ ಸಲ್ಲದು. ಒದ್ದೆ ಬಟ್ಟೆ ತೆಗೆದು ಒಣಗಿದ್ದು ಹಾಕಬೇಕು. ಕೆಳಗೆ ದಪ್ಪಗೆ ಹಾಸಬೇಕು, ಏಕೆಂದರೆ ನೆಲವೂ ಬಿಸಿ ಕದಿಯುತ್ತದೆ. ಬಿಸಿಯನ್ನು ಎದೆ, ಕಂಕುಳಿಗೆ ಕೊಡಬೇಕು. ಮಂಪರಿನಲ್ಲಿರುವವರನ್ನು ನಡೆಸಬಾರದು, ಕುಡಿಸಬಾರದು. ಹಿಮ ಕಚ್ಚಿ ಮರಗಟ್ಟಿದ ಬೆರಳನ್ನು ಉಜ್ಜಲೇಬಾರದು. ನೆಪೋಲಿಯನ್ನನ ಶಸ್ತ್ರವೈದ್ಯ ಲಾರೆ 1812ರಲ್ಲಿ ರಷ್ಯಾದಿಂದ ಹಿಂದಿರುಗುತ್ತಿದ್ದಾಗ, ಮರಗಟ್ಟಿದ ಕೈಕಾಲನ್ನು ಬೆಂಕಿಗೆ ಒಡ್ಡಿದ ಸೈನಿಕರಿಗೆ ಕೇಡಾದದ್ದನ್ನು ಕಂಡ. ಅದು ಸರಿಯಾಗಿಯೇ ಕಂಡದ್ದು, ಏಕೆಂದರೆ ಸ್ಪರ್ಶವಿಲ್ಲದ ಬೆರಳಿಗೆ ಸುಡುವುದೂ ತಿಳಿಯುವುದಿಲ್ಲ. ಆದರೆ ಅದಕ್ಕೆ ಅವನು ಹೇಳಿದ ಮದ್ದು ಹಿಮದಿಂದ ಉಜ್ಜುವುದು. ಆ ತಪ್ಪು ಮದ್ದು ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದುಬಂತು.

“ಆಟದಲ್ಲಿ ಸತ್ರೆ ಹಿಂದೆ ಸೇವ್ ಮಾಡಿದ ಜಾಗದಿಂದ ಮತ್ತೆ ಶುರು ಮಾಡಬಹುದು” ಎಂದ ಮೊಮ್ಮಗ. ಅವನ ದನಿಯಲ್ಲಿ ಈಗ ಜಂಬ ಇರಲಿಲ್ಲ. ಅವನಿಗೆ ಅನ್ನಾ ಬೋಗೆನ್‌ಹೋಮ್ ವಿಷಯ ಹೇಳಿದೆ. 1999ರ ಮೇ ತಿಂಗಳಲ್ಲಿ ನಾರ್ವೆಯಲ್ಲಿ ಸ್ಕೀ ಮಾಡುತ್ತಿದ್ದ ಈ ಸ್ವೀಡನ್ನಿನ ವೈದ್ಯೆ ಹೆಪ್ಪುಗಟ್ಟಿದ ಹೊಳೆಯೊಳಕ್ಕೆ ಜಾರಿ, ಮಂಜಿನ ಪದರದಡಿ 80 ನಿಮಿಷ ಸಿಲುಕಿದ್ದರು. ಹೊರಗೆ ತೆಗೆದು ಆಸ್ಪತ್ರೆ ಸೇರಿಸಿದಾಗ ಮೈಬಿಸಿ 13.7 ಡಿಗ್ರಿ, ಎದೆಬಡಿತ ಇಲ್ಲ. ಟ್ರೊಮ್ಸೊ ನಗರದ ವೈದ್ಯರು ಕೈಬಿಡದೆ, ರಕ್ತವನ್ನೇ ಹೊರಗೆ ತೆಗೆದು ಬಿಸಿ ಮಾಡಿ ಒಳಗೆ ಹರಿಸಿ ಗಂಟೆಗಟ್ಟಲೆ ದುಡಿದರು. ಆಕೆ ಬದುಕಿ ಮತ್ತೆ ವೈದ್ಯೆಯಾಗಿಯೇ ಕೆಲಸಕ್ಕೆ ಮರಳಿದರು. ಮಿದುಳು ಅತಿಯಾಗಿ ತಣ್ಣಗಾದಾಗ ಅದಕ್ಕೆ ಬೇಕಾದ ಆಮ್ಲಜನಕವೂ ತೀರ ಕಡಿಮೆ, ಅದೇ ಆಕೆಯನ್ನು ಕಾದದ್ದು.

ಆದರೆ ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಹೆಸರನ್ನೂ ಹೇಳದೆ ಇರಲಾಗಲಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿಯಿತು. ಆರು ದಿನದ ಮೇಲೆ ಅಗೆದಾಗ ಅವರೊಬ್ಬರಲ್ಲಿ ಉಸಿರಿತ್ತು. ಆ ಎರಡು ಮೂರು ದಿನ ನಮ್ಮ ಬೀದಿಯಲ್ಲೆಲ್ಲ ಅವರದೇ ಮಾತು, ಅಜ್ಜಿ ದೇವರ ಮುಂದೆ ದೀಪ ಹಚ್ಚಿಟ್ಟಿದ್ದಳು. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಮೊಮ್ಮಗ ಆಗ ಕೈಗೂಸು. ಈ ಹೆಸರನ್ನು ಅವನು ಕೇಳಿದ್ದು ಅವತ್ತೇ ಮೊದಲು. ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿಯೇ ಇತ್ತು.

ರಜೆ ಮುಗಿಸಿ ಹೊರಡುವ ಹಿಂದಿನ ರಾತ್ರಿ ಅವನು ಚಾರಣಕ್ಕೆ ಜೊತೆಗೆ ಬರುವ ಗೆಳೆಯನಿಗೆ ಫೋನ್ ಹಚ್ಚಿದ್ದು ನನ್ನ ಕಿವಿಗೆ ಬಿತ್ತು. “ನೋಡು, ಅಲ್ಲಿ ನಾನೇನಾದ್ರೂ ಸುಮ್ಮನೆ ಬೈದ್ರೆ, ಬೇಜಾರು ಮಾಡ್ಕೋಬೇಡ. ನನ್ನ ಊರು ಯಾವುದು ಅಂತ ಕೇಳು. ಏಳರ ಮಗ್ಗಿ ಹಿಂದಿನಿಂದ ಹೇಳ್ಸು. ಹೇಳ್ಲಿಲ್ಲ ಅಂದ್ರೆ ಸರ್‌ನ ಕರಿ. ನಾನು ಬೇಡ ಅಂದ್ರೂ ಕರಿ. ನಾನೂ ನಿನ್ನನ್ನ ಕೇಳ್ತೀನಿ.” ಆ ಕಡೆಯವನು ಏನೋ ಅಂದಿರಬೇಕು. “ಏಯ್, ಬರೀ ಬೆಂಗಳೂರು ಅಂದ್ರೆ ಸಾಲಲ್ಲ, ಅದು ಸುಲಭ” ಎಂದು ಇವನು ನಕ್ಕ.

ಊಟಕ್ಕೆ ಕೂತಾಗ ನನ್ನ ಮೇಲೂ ಪರೀಕ್ಷೆ ನಡೆಯಿತು. ಹೆಬ್ಬೆರಳಿಗೆ ಅದೇ ಕೈಯ ಕಿರುಬೆರಳು ತಾಗಿಸಬೇಕು. ಚಳಿಯಲ್ಲಿ ಅದು ಆಗದಿದ್ದರೆ ಕೈ ಕೈಕೊಡುತ್ತಿದೆ ಎಂದರ್ಥ. ಬಲಗೈಯಲ್ಲಿ ಮಾಡಿದೆ. ಎಡಗೈಯಲ್ಲೂ ಮಾಡಿದೆ.

“ತಾಗ್ತಾ ತಾತ?”

“ಕಣ್ಣಿಗೆ ಕಾಣ್ತಾ ಇದೆ, ತಾಗಿದೆ” ಎಂದೆ. ಎಡಗೈ ಕಿರುಬೆರಳ ತುದಿಗೆ ಫೋಟು ಲಾ ದಾಟಿದ ದಿನದಿಂದ ಏನೂ ತಿಳಿಯುವುದಿಲ್ಲ. ಹುಡುಗ ಆ ಬೆರಳನ್ನು ಹಿಡಿದು, ಚಿವುಟಿ, ನನ್ನ ಮುಖ ನೋಡಿದ. ಆಮೇಲೆ ಎದ್ದು ಹೋಗಿ ಅಜ್ಜಿಯನ್ನು ಕೇಳಿದ, ಉಣ್ಣೆ ಮಿಕ್ಕಿದ್ದರೆ ಎರಡು ಜೊತೆ ಕೈಗವಸು ಹೆಣೆದುಕೊಡುತ್ತೀಯಾ, ಒಂದು ಗೆಳೆಯನಿಗೆ ಎಂದು.